ಮಾಥೇರಾನ್‌ಗೆ ಮತ್ತೆ ಹೋಗಿ ಬಂದೆ. ಆ ರಜೆಯಲ್ಲಿ ಅಪ್ಪ ಎಲ್ಲಿದ್ದರು ಎಂಬುದು ಮಾತ್ರ ನೆನಪಿಗೆ ಬರುತ್ತಿಲ್ಲ

ಡೊಂಬಿವಲಿ ಪೂರ್ವ ಬರೆದದ್ದು:

ಮುಂಬಯಿಯ ಲಾಲ್‌ಬಾಗ್‌ನ ಚಾಳಿನಲ್ಲಿ ನನ್ನ ಜೊತೆ ಬೆಳೆದ ಕನ್ನಡ ಮಕ್ಕಳಿಗೆಲ್ಲ ಮೇ ತಿಂಗಳ ರಜೆ ಎಂದರೆ ಊರು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗುವ ಮೊದಲು ಉಡುಪಿಯ ಕಡೆಗೆ ಹೋಗುವುದೆಂದರೆ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು, ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ಅಜ್ಜಿಯ ಮನೆಯ ಜಗಲಿ ಸಿಕ್ಕಿದೊಡನೆ ಅಲ್ಲೇ ಬಿದ್ದು ನಿದ್ರೆ ಹೋಗುವುದು. ಆದರೂ ಯಾರೂ ತಪ್ಪಿಸುತ್ತಿರಲಿಲ್ಲ. 1982ರ ಮೇ ತಿಂಗಳಲ್ಲಿ ಮಾತ್ರ ನಾವು ಊರಿಗೆ ಹೋಗಲಿಲ್ಲ, ಮುಂಬಯಿಗೆ ಹತ್ತಿರದ ಬೆಟ್ಟದೂರು ಮಾಥೇರಾನ್‌ಗೆ ಹೋದೆವು. ನನಗೆ ಆಗ 9 ವರ್ಷ, ಅಣ್ಣನಿಗೆ 12. ಜೂನ್‌ನಲ್ಲಿ ಶಾಲೆ ಆರಂಭವಾದಾಗ, ಊರಿನಿಂದ ಹಲಸಿನ ಹಪ್ಪಳ ತಂದವರ ಎದುರು ನಾನು ಕುದುರೆಯ ಕಥೆ ಹೇಳಿ ಮೆರೆದದ್ದು ಈಗಲೂ ನೆನಪಿದೆ. ನಮ್ಮ ಸಾಲಿನಲ್ಲಿ ‘ಗಿರಿಧಾಮ’ ಎಂಬಲ್ಲಿಗೆ ಹೋಗಿ ಬಂದ ಮೊದಲ ಮಕ್ಕಳು ನಾವೇ ಇರಬೇಕು.

ಡೊಂಬಿವಲಿಯಿಂದ ಆ ಬೆಟ್ಟದ ಬುಡದ ನೇರಳ್ ನಿಲ್ದಾಣಕ್ಕೆ ಕರ್ಜತ್ ಲೋಕಲ್‌ನಲ್ಲಿ ಒಂದು ಗಂಟೆಯೂ ಆಗುವುದಿಲ್ಲ. ಇಷ್ಟು ಹತ್ತಿರವಿದ್ದೂ ನಾನು 40ಕ್ಕೂ ಹೆಚ್ಚು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಗಂಡ, ಮಕ್ಕಳು, ಅತ್ತೆಯ ಆರೈಕೆ ಎಂದು ಕಾರಣಗಳಿದ್ದವು, ಆದರೆ ಹೋದರೆ ನೆನಪು ಕೆಡಬಹುದು ಎಂಬ ಅಳುಕೇ ನಿಜವಾದ ಕಾರಣ. ಕಳೆದ ಚಳಿಗಾಲದಲ್ಲಿ ಒಬ್ಬಳೇ ಎರಡು ದಿನ ಹೋಗಿ ಬಂದೆ. ಹೀಗೆ ಬಾಲ್ಯದ ರಜೆಯ ಊರಿಗೆ ಮರಳಿದವರು ಇಲ್ಲಿ ಇನ್ನೂ ಇರಬಹುದೆಂದು ಇದನ್ನು ಬರೆಯುತ್ತಿದ್ದೇನೆ. ಕೊನೆಯಲ್ಲಿ ಒಂದು ಪ್ರಶ್ನೆಯೂ ಇದೆ.

ಚಿಕ್ಕವಳಿದ್ದಾಗ ‘ನೇರಳ್’ ಎಂಬ ಹೆಸರು ನೇರಳೆ ಹಣ್ಣಿನಿಂದ ಬಂದದ್ದೆಂದೇ ತಿಳಿದಿದ್ದೆ, ಏಕೆಂದರೆ ನಿಲ್ದಾಣದಲ್ಲಿ ಎಲೆಯ ದೊನ್ನೆಯಲ್ಲಿ ನೇರಳೆ ಮಾರುತ್ತಿದ್ದರು, ಬೆಟ್ಟದ ಮೇಲೂ ಎಲ್ಲಿ ನೋಡಿದರೂ ನೇರಳೆ ಮರಗಳೇ ಇದ್ದವು. ಮಾಥೇರಾನ್ ಎಂದರೆ ಮರಾಠಿಯಲ್ಲಿ ನೆತ್ತಿಯ ಮೇಲಿನ ಕಾಡು ಎಂದು ಅಣ್ಣ ಯಾರಿಂದಲೋ ಕೇಳಿ ಬಂದು ಹೇಳಿದ್ದ. ಈಗಲೂ ಅದು ಹಾಗೆಯೇ ಇದೆ. ಸುಮಾರು 800 ಮೀಟರ್ ಎತ್ತರದ ಆ ಚಪ್ಪಟೆ ನೆತ್ತಿಯ ಮೇಲೆ ಮರಗಳ ಅಡಿಯಲ್ಲೇ ದಾರಿ, ದಾರಿಯ ತುಂಬ ಕೆಂಪು ಮಣ್ಣು. ಆ ಮಣ್ಣು ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣೇ. ಅಂದು ಅಮ್ಮ ಎರಡನೆಯ ದಿನವೇ, ‘ಇದು ನಮ್ಮ ಊರಿನ ಹಾಗೆಯೇ ಇದೆಯಲ್ಲ, ಮತ್ತೆ ಇಷ್ಟು ದೂರ ಯಾಕೆ ಹತ್ತಿ ಬಂದದ್ದು?’ ಎಂದು ಕೇಳಿದ್ದಳು.

ದೊಡ್ಡವರಾದ ಮೇಲೆ ಹೋಗಿ ನೋಡಿದರೆ ಬಾಲ್ಯದ ಜಾಗಗಳೆಲ್ಲ ಚಿಕ್ಕದಾಗಿ ಕಾಣುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಶಾಲೆಯ ಅಂಗಳ ಹಾಗೆ ಕಂಡದ್ದು ಹೌದು. ಆದರೆ ಮಾಥೇರಾನ್ ಒಂದಿಷ್ಟೂ ಕುಗ್ಗಿಲ್ಲ. ಮೋಟಾರು ವಾಹನಗಳೆಲ್ಲ ದಸ್ತೂರಿ ನಾಕಾದಲ್ಲೇ ನಿಲ್ಲಬೇಕಾದ ಊರು ಅದು. ಅಲ್ಲಿಂದ ಮುಂದೆ ಇಂದಿಗೂ ಹೆಚ್ಚಿನವರು ದೂರವನ್ನು ಕಾಲಿನಿಂದಲೇ ಅಳೆಯುತ್ತಾರೆ. 9 ವರ್ಷದ ಕಾಲಿಗೆ ಎಷ್ಟು ದೂರವಿತ್ತೋ ನನ್ನ ಈಗಿನ ಮಂಡಿಗೂ ಅಷ್ಟೇ ದೂರವಿದೆ. ಪೇಟೆಯಿಂದ ಪ್ಯಾನೊರಮಾ ಪಾಯಿಂಟ್‌ಗೆ ನಡೆದು ಬರುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಶಾರ್ಲಟ್ ಕೆರೆ, ಅದರ ಬದಿಯ ಪಿಸಾರನಾಥನ ಗುಡಿ, ಲೂಯಿಸಾ ಪಾಯಿಂಟ್‌ನಿಂದ ಎದುರಿಗೆ ಕಾಣುವ ಪ್ರಬಲಗಡದ ಬೆಟ್ಟ, ಕೂಗಿದರೆ ಮರುದನಿ ಕೊಡುವ ಎಕೋ ಪಾಯಿಂಟ್ ಎಲ್ಲವೂ ನನ್ನ ತಲೆಯಲ್ಲಿದ್ದ ನಕ್ಷೆಗೆ ಸರಿಯಾಗಿ ಹೊಂದಿದವು. ದಕ್ಷಿಣದ ಅಂಚಿನಲ್ಲಿ ನಿಂತಾಗ ಮಾತ್ರ ಕೆಳಗೆ ದೊಡ್ಡದೊಂದು ನೀರಿನ ಹರವು ಕಂಡು ನಾನು ತಬ್ಬಿಬ್ಬಾದೆ. ಇಷ್ಟು ದೊಡ್ಡ ಕೆರೆಯನ್ನು ಮರೆಯುವುದುಂಟೇ ಎಂದು ನನ್ನ ಮೇಲೇ ಅನುಮಾನ ಬಂತು. ಅದು ನವಿ ಮುಂಬಯಿಗೆ ನೀರು ಕೊಡುವ ಮೋರ್ಬೆ ಅಣೆಕಟ್ಟೆಂದೂ ಆ ಕಾಲದಲ್ಲಿ ಅಲ್ಲಿ ಅದು ಇರಲೇ ಇಲ್ಲವೆಂದೂ ಕುದುರೆಯವನು ಹೇಳಿದ ಮೇಲೆ ಸಮಾಧಾನವಾಯಿತು.

ಬೇಸರವಾದದ್ದು ಒಂದೇ. ದಸ್ತೂರಿಯಿಂದ ಪೇಟೆಯ ಕಡೆಗೆ ಈಗ ಇ-ರಿಕ್ಷಾ ಓಡುತ್ತದೆ. ಕೆಂಪು ದಾರಿಗೆ ಹಾಸುಗಲ್ಲು ಬಂದಿದೆ. ಹಿಂದಿನಿಂದ ಗಂಟೆಯ ಸದ್ದು ಕೇಳಿ ಬದಿಗೆ ಸರಿದು ನಿಲ್ಲುವಾಗ, ಮನುಷ್ಯರು ಎಳೆಯುತ್ತಿದ್ದ ಹಳೆಯ ಕೈಗಾಡಿಗಳೇ ಈ ಜಾಗಕ್ಕೆ ಚೆನ್ನಾಗಿದ್ದವೇನೋ ಎನಿಸಿತು.

ಇನ್ನು ಪ್ರಶ್ನೆ. ನಾವು ಉಳಿದಿದ್ದ ಹೋಟೆಲ್ ಈಗಲೂ ಇದೆ. ಹೆಸರು ಬದಲಾಗಿದೆ, ಮುಂಭಾಗವನ್ನು ಹೊಸದಾಗಿ ಕಟ್ಟಿದ್ದಾರೆ. ನಮ್ಮ ಕೋಣೆ ಹಿಂಬದಿಯಲ್ಲಿತ್ತೆಂದು ಗುರುತು ಹಿಡಿದು ಸುತ್ತಿ ಬಂದಾಗ, ಅಡುಗೆಮನೆಯ ಹಿತ್ತಿಲ ಕಲ್ಲುಮೆಟ್ಟಿಲ ಮೇಲೆ ಇಬ್ಬರು ಹುಡುಗರು ಕುಳಿತು ದೊಡ್ಡ ಪಾತೇಲಿ ಉಜ್ಜುತ್ತಿದ್ದರು. ಬೆಳಗಿನ 11 ಗಂಟೆ ಇರಬಹುದು. ಆ ಮೆಟ್ಟಿಲನ್ನು ಕಂಡದ್ದೇ ನನಗೊಂದು ವಿಷಯ ಹೊಳೆಯಿತು: ಆ ರಜೆಯ ಯಾವ ನೆನಪಿನಲ್ಲಿಯೂ ಅಪ್ಪ ಇಲ್ಲ. ಕೆರೆಯ ಬಳಿ ಅಮ್ಮ, ಅಣ್ಣ, ನಾನು. ಸೂರ್ಯಾಸ್ತ ನೋಡುವಾಗಲೂ ನಾವು ಮೂವರೇ. ರಾತ್ರಿ ಮಲಗುವಾಗ ಮಾತ್ರ ಅಪ್ಪ ಇದ್ದರು, ಅವರ ಮೈಯಿಂದ ಹುಳಿ ಬಂದ ಹಿಟ್ಟಿನ ವಾಸನೆ ಬರುತ್ತಿತ್ತು. ಅವರು ಬಟ್ಟೆ ಗಿರಣಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು, ಗಿರಣಿಯ ಜೊತೆ ಕ್ಯಾಂಟೀನೂ ಮುಚ್ಚಿತು. ನಾಲ್ಕು ತಿಂಗಳಿಂದ ಸಂಬಳವಿಲ್ಲದ ಮನುಷ್ಯ ಹೆಂಡತಿ ಮಕ್ಕಳನ್ನು ಗಿರಿಧಾಮಕ್ಕೆ ಕರೆದುಕೊಂಡು ಹೋದದ್ದಾದರೂ ಹೇಗೆ? ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಕಾಲದಲ್ಲಿ ಅಲ್ಲಿಯ ಹೋಟೆಲುಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ಕರ್ಜತ್ ಲೋಕಲ್ ಬರೆದದ್ದು:

ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ವಯಸ್ಸು ನನಗಿಲ್ಲ. ಆದರೆ ನೀವು ಪುಟಾಣಿ ರೈಲಿನ ವಿಷಯವನ್ನೇ ಎತ್ತದೆ ಮುಂದೆ ಹೋದದ್ದು ನನಗೆ ಸರಿ ಕಾಣಲಿಲ್ಲ. ನಾನು ವರ್ಷಕ್ಕೆ ಎರಡು ಮೂರು ಬಾರಿ ಅದಕ್ಕಾಗಿಯೇ ಅಲ್ಲಿಗೆ ಹೋಗುವವನು.

ಆ ಮಾರ್ಗ 1907ರಲ್ಲಿ ತೆರೆಯಿತು. ಹಣ ಹಾಕಿದ್ದು ಸರ್ಕಾರವಲ್ಲ, ಮುಂಬಯಿಯ ಆದಮ್‌ಜೀ ಪೀರ್‌ಭಾಯಿ ಕುಟುಂಬ. ಹಳಿಗಳ ನಡುವಿನ ಅಂತರ ಕೇವಲ 2 ಅಡಿ. ನೇರಳ್‌ನಿಂದ ಮೇಲಿನವರೆಗೆ ಸುಮಾರು 21 ಕಿ.ಮೀ. ಇದೆ, ಟ್ಯಾಕ್ಸಿಯವರು ಅರ್ಧ ಗಂಟೆಯೊಳಗೆ ದಸ್ತೂರಿ ಮುಟ್ಟಿಸಿದರೆ, ರೈಲು ಜುಮ್ಮಾಪಟ್ಟಿ, ವಾಟರ್ ಪೈಪ್, ಅಮನ್ ಲಾಜ್ ಎಂದು ಉಸಿರು ತೆಗೆದುಕೊಳ್ಳುತ್ತ ಎರಡು ಗಂಟೆಗೂ ಹೆಚ್ಚು ಹೊತ್ತು ಹತ್ತುತ್ತದೆ. ಬೆಟ್ಟವನ್ನು ನೇರವಾಗಿ ಏರಲಾರದ್ದರಿಂದ ಅದರ ಮೈಮೇಲೆ ಲಾಳದ ಆಕಾರದಲ್ಲಿ ತಿರುಗಿ ತಿರುಗಿ ಹೋಗುತ್ತದೆ. ಹಾಗಾಗಿ ಎಡಗಿಟಕಿಯಲ್ಲಿ ಕಂಡ ಕಣಿವೆ ಸ್ವಲ್ಪ ಹೊತ್ತಿಗೆ ಬಲಗಿಟಕಿಯಲ್ಲಿ ಕಾಣುತ್ತದೆ, ಯಾವ ಬದಿಯಲ್ಲಿ ಕುಳಿತರೂ ನಷ್ಟವಿಲ್ಲ.

2005ರ ಜುಲೈ 26ರ ಮಳೆಗೆ ಈ ಹಳಿ ಅಲ್ಲಲ್ಲಿ ಕೊಚ್ಚಿಹೋಗಿ, ಮತ್ತೆ ಗಾಡಿ ಓಡಿದ್ದು 2007ರಲ್ಲಿ. 2019ರ ಮಳೆಯಲ್ಲಿ ಮತ್ತೊಮ್ಮೆ ಕೊಚ್ಚಿಹೋಯಿತು, ನೇರಳ್‌ನಿಂದ ಪೂರ್ತಿ ಮಾರ್ಗ ತೆರೆದದ್ದು 2022ರ ಅಕ್ಟೋಬರಿನಲ್ಲಿ. ಮಳೆಗಾಲದಲ್ಲಿ ನೇರಳ್‌ನಿಂದ ಗಾಡಿ ಇರುವುದಿಲ್ಲ, ಅಮನ್ ಲಾಜ್‌ನಿಂದ ಮಾಥೇರಾನ್‌ವರೆಗಿನ ಚಿಕ್ಕ ಓಡಾಟ ಮಾತ್ರ ಇರುತ್ತದೆ. ಅಂದು ನೀವು ಹತ್ತಿದ ಗಾಡಿಗೆ ಉಗಿ ಎಂಜಿನ್ ಇತ್ತೇ, ಡೀಸೆಲ್ ಇತ್ತೇ? ಉಗಿಯ ಕೊನೆಯ ದಿನಗಳು ಅವು.

ಡೊಂಬಿವಲಿ ಪೂರ್ವ ಬರೆದದ್ದು:

ಕಣ್ಣಿಗೆ ಕಿಡಿ ಬಿದ್ದು ಅತ್ತ ನೆನಪಿದೆ, ಆದ್ದರಿಂದ ಉಗಿಯೇ ಇರಬೇಕು. ಅಣ್ಣ ಮಾತ್ರ ಅದು ಕೆಂಪು ಧೂಳೆಂದು ವಾದಿಸುತ್ತಾನೆ. ಈ ಬಾರಿ ನಾನು ಹೋಗುವಾಗ ರೈಲಿನ ಟಿಕೆಟ್ ಮುಗಿದು ಟ್ಯಾಕ್ಸಿಯಲ್ಲಿ ಹತ್ತಿದೆ. ಆ ಅವಮಾನವನ್ನು ಬರೆಯುವುದು ಬೇಡವೆಂದು ಬಿಟ್ಟಿದ್ದೆ.

ವಾಸ್ಕೋವಾಸಿ ಬರೆದದ್ದು:

ಮರಳಿ ಹೋಗಲೇಬಾರದು ಎನ್ನುವವರ ಪಕ್ಷ ನನ್ನದು. ನಾವು ಹುಬ್ಬಳ್ಳಿಯವರು. ಬ್ರಾಡ್‌ಗೇಜ್ ಆಗುವ ಮೊದಲಿನ ಮೀಟರ್‌ಗೇಜ್ ಗಾಡಿಯಲ್ಲಿ ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಹನಿಗೆ ಕಿಟಕಿಯಿಂದ ಕೈ ಚಾಚಿ, ಪ್ರತಿ ದೀಪಾವಳಿಗೆ ಗೋವೆಯ ಸೋದರತ್ತೆಯ ಮನೆಗೆ ಬರುತ್ತಿದ್ದೆವು. ಮುಂದೆ ಕೆಲಸವೂ ಇಲ್ಲಿಯೇ ಸಿಕ್ಕಿತು. ಈಗ 19 ವರ್ಷಗಳಿಂದ ಇಲ್ಲಿದ್ದೇನೆ, ಕಡಲಿಗೆ ಇಳಿದು ಎರಡು ವರ್ಷಗಳ ಮೇಲಾಯಿತು. ರಜೆಯ ಊರಿನಲ್ಲಿ ಮನೆ ಬಾಡಿಗೆಯನ್ನೂ ಕರೆಂಟು ಬಿಲ್ಲನ್ನೂ ಕಟ್ಟುತ್ತಿರುವವನಿಗೆ ಬೇರೆ ರಜೆಯ ಊರು ಹುಡುಕಲು ಮನಸ್ಸು ಬರುವುದಿಲ್ಲ, ಇದ್ದದ್ದೂ ರಜೆಯ ಊರಾಗಿ ಉಳಿದಿಲ್ಲ. ನೀವು ಎರಡೇ ದಿನಕ್ಕೆ ಮರಳಿದ್ದು ಒಳ್ಳೆಯದಾಯಿತು.

ಕೋಥ್ರೂಡ್ ಕನ್ನಡತಿ ಬರೆದದ್ದು:

ಅಕ್ಕ, ಉಳಿದದ್ದೆಲ್ಲ ಮನಸ್ಸಿಗೆ ಹಿಡಿಸಿತು, ಕೈಗಾಡಿಯ ಮಾತನ್ನು ಮಾತ್ರ ಒಪ್ಪಲಾರೆ. ನಾನು ಪುಣೆಯಿಂದ ಕರ್ಜತ್‌ಗೆ ಬಂದು, ಅಲ್ಲಿ ಲೋಕಲ್ ಹಿಡಿದು ನೇರಳ್‌ಗೆ ಹಿಂದಕ್ಕೆ ಬಂದು, ಮಂಡಿ ನೋವಿರುವ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ಆಗಿನ್ನೂ ಇ-ರಿಕ್ಷಾ ಬಂದಿರಲಿಲ್ಲ. ಅಮ್ಮ ಕುಳಿತ ಗಾಡಿಯನ್ನು ಮುಂದಿನಿಂದ ಒಬ್ಬರು ಎಳೆಯುತ್ತಿದ್ದರು, ಹಿಂದಿನಿಂದ ಇಬ್ಬರು ತಳ್ಳುತ್ತಿದ್ದರು. ಏರಿನಲ್ಲಿ ಅವರ ಏದುಸಿರು ಕೇಳಲಾರದೆ ಅಮ್ಮ ನಡುದಾರಿಯಲ್ಲೇ ಇಳಿದು ಕುಂಟುತ್ತ ನಡೆದಳು. ಅವರಿಗೆ ಪೂರ್ತಿ ಹಣ ಕೊಟ್ಟದ್ದರಿಂದ ನಮ್ಮ ಮನಸ್ಸಿಗೇನೂ ಹಗುರವಾಗಲಿಲ್ಲ.

ಅಲ್ಲಿ ಪರವಾನಗಿ ಪಡೆದು ಗಾಡಿ ಎಳೆಯುತ್ತಿದ್ದವರು 90ಕ್ಕೂ ಹೆಚ್ಚು ಮಂದಿ. 2003ರಲ್ಲಿ ಕೇಂದ್ರ ಸರ್ಕಾರ ಮಾಥೇರಾನನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದ್ದರಿಂದ ವಾಹನಗಳಿಗೆ ಪ್ರವೇಶವಿರಲಿಲ್ಲ. ಆ ನಿಯಮ ಕಾಡನ್ನು ಕಾಪಾಡಿತು ನಿಜ, ಆದರೆ ಅದರ ಭಾರವನ್ನು ಹೆಗಲ ಮೇಲೆ ಹೊತ್ತವರು ಇವರೇ. 2022ರ ಕೊನೆಗೆ ಇ-ರಿಕ್ಷಾ ಪ್ರಯೋಗ ಆರಂಭವಾಯಿತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮನುಷ್ಯರು ಎಳೆಯುವ ಗಾಡಿಗಳನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ಎಳೆಯುತ್ತಿದ್ದವರಿಗೇ ಇ-ರಿಕ್ಷಾ ಸಿಗಬೇಕೆಂಬುದು ಅಲ್ಲಿಯ ವಾದದ ತಿರುಳು. ಹಿಂದಿನಿಂದ ಗಂಟೆ ಕೇಳಿದಾಗ ಬದಿಗೆ ಸರಿಯುವುದು ಅಷ್ಟು ದೊಡ್ಡ ತೊಂದರೆಯೇ?

ಮುಲುಂಡ್ ಹಿರಿಯ ಬರೆದದ್ದು:

ತಂಗಿ, ನಿಮ್ಮ ಬರಹವನ್ನು ಮೊಮ್ಮಗಳು ಓದಿ ಹೇಳಿದಳು. ಇದನ್ನೂ ಅವಳೇ ಟೈಪು ಮಾಡುತ್ತಿದ್ದಾಳೆ. ನನಗೆ ಈಗ 76.

ನಾನು ಕುಂದಾಪುರದ ಕಡೆಯವನು, ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಹಗಲಿಗೆ ಕೆಲಸ ಮಾಡಿ ರಾತ್ರಿ ಕನ್ನಡ ಶಾಲೆಗೆ ಹೋಗಿ ಏಳನೆಯ ತರಗತಿ ಮುಗಿಸಿದವನು. ಮಾಥೇರಾನ್‌ನಲ್ಲಿ ಮೂರು ಸೀಸನ್ ಕೆಲಸ ಮಾಡಿದ್ದೇನೆ. ನಿಮ್ಮ ತಂದೆಯವರ ಪರಿಚಯ ನನಗಿದ್ದಂತಿಲ್ಲ, ಆದ್ದರಿಂದ ಅವರ ಬಗ್ಗೆ ಏನೂ ಹೇಳಲಾರೆ. ರೂಢಿ ಹೇಗಿತ್ತು ಎಂಬುದನ್ನು ಮಾತ್ರ ಹೇಳಬಲ್ಲೆ.

ನಾನಿದ್ದ ಕಡೆ ಏಪ್ರಿಲ್ ನಡುವಿನಿಂದ ಮಳೆ ಬೀಳುವವರೆಗೆ ಜನ ತುಂಬುತ್ತಿದ್ದರು, ಉಳಿದ ಕಾಲ ಖಾಲಿ. ವರ್ಷವಿಡೀ ಇಟ್ಟುಕೊಂಡ ಆಳುಗಳಿಂದ ಆ ಆರೇಳು ವಾರ ನಡೆಯುತ್ತಿರಲಿಲ್ಲ. ಬರುವವರು ಹೆಚ್ಚಾಗಿ ಗುಜರಾತಿಗಳು. ಊಟಕ್ಕೆ ಅವರಿಗೆ ಅವರದೇ ಮಹಾರಾಜ್, ಎಂದರೆ ಅಡುಗೆಯವನು, ಬೇಕು, ಬೆಳಗಿನ ಇಡ್ಲಿ ದೋಸೆಗೆ ಮಾತ್ರ ನಮ್ಮವರ ಕೈ ಆಗಬೇಕು. ಹಾಗಾಗಿ ಒಬ್ಬ ಉಡುಪಿ ಭಟ್ಟರನ್ನು ಸೀಸನ್‌ಗೆ ಕೆಳಗಿನಿಂದ ಕರೆಸುತ್ತಿದ್ದರು. ಅಕ್ಕಿ, ಉದ್ದು, ಎಣ್ಣೆಯ ಡಬ್ಬ ಎಲ್ಲವೂ ಕುದುರೆಯ ಬೆನ್ನ ಮೇಲೆ, ಇಲ್ಲವೇ ಹಮಾಲರ ತಲೆಯ ಮೇಲೆ ಬರಬೇಕು. ಮಧ್ಯಾಹ್ನದ ಹೊತ್ತಿಗೆ ನೆನೆಹಾಕಿ, ಸಂಜೆ ರುಬ್ಬಲು ಕುಳಿತರೆ ಏಳುವಾಗ ರಾತ್ರಿಯಾಗುತ್ತಿತ್ತು. ಹಿಟ್ಟಿನ ವಾಸನೆ ಎಂದು ನೀವು ಬರೆದಿರಲ್ಲ, ಅದು ಸ್ನಾನ ಮಾಡಿದರೂ ಹೋಗುವುದಿಲ್ಲ.

ಮುಷ್ಕರದ ವರ್ಷ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನ ಎಷ್ಟೋ ಕೈಗಳು ಖಾಲಿ ಕುಳಿತಿದ್ದವು. ಮೊದಮೊದಲು ತಿಂಗಳೆರಡು ತಿಂಗಳಲ್ಲಿ ಮುಗಿಯುತ್ತದೆ ಎನ್ನುತ್ತಿದ್ದವರು ಹೋಳಿಯ ಹೊತ್ತಿಗೆ ಸಿಕ್ಕ ಕೆಲಸಕ್ಕೆ ಹೋಗತೊಡಗಿದರು. ನನ್ನ ಮಾಲೀಕರು ಆ ವರ್ಷ ಇಬ್ಬರಿಗೆ, ‘ಹೆಂಡತಿ ಮಕ್ಕಳನ್ನು ಕರೆದುಕೊಂಡೇ ಬನ್ನಿ, ಹಿಂದಿನ ಕೋಣೆ ಇದೆ, ಊಟ ಇಲ್ಲಿಯೇ’ ಎಂದದ್ದು ನಾನು ಕಿವಿಯಾರೆ ಕೇಳಿದ್ದೇನೆ. ಅದು ಧರ್ಮವೆಂದು ತಿಳಿಯಬೇಡಿ. ಸಂಸಾರ ಜೊತೆಗಿದ್ದರೆ ಆಳು ಸೀಸನ್‌ನ ನಡುವೆ ಓಡಿಹೋಗುವುದಿಲ್ಲ, ಕೂಲಿಯನ್ನೂ ಒಂದಿಷ್ಟು ಕಡಿಮೆ ಕೊಡಬಹುದು.

ನಿಮ್ಮ ತಾಯಿ ಇದ್ದಾರೆಯೇ? ಇದ್ದರೆ ನಮ್ಮನ್ನೇಕೆ ಕೇಳುತ್ತೀರಿ?

ಡೊಂಬಿವಲಿ ಪೂರ್ವ ಬರೆದದ್ದು:

ಅಣ್ಣ, ನಿಮ್ಮ ಕೊನೆಯ ಸಾಲು ಚುಚ್ಚಿತು. ಅಮ್ಮ ಇದ್ದಾಳೆ, ನನ್ನ ಅಣ್ಣನ ಮನೆಯಲ್ಲಿ, ಠಾಣೆಯಲ್ಲಿ; 81 ವರ್ಷ. ಅಪ್ಪ ನಮ್ಮಿಂದ ಮುಚ್ಚಿಟ್ಟದ್ದನ್ನು ಈಗ ಕೆದಕಿ ಅವಳಿಗೆ ನೋವು ಕೊಡುವುದೇಕೆ ಎಂದುಕೊಂಡಿದ್ದೆ. ಭಾನುವಾರ ಹೋಗಿ, ಸುತ್ತಿ ಬಳಸಿ, ಕೊನೆಗೂ ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ‘ಮುಚ್ಚಿಟ್ಟದ್ದು ಯಾರು? ದಿನಾ ಮಧ್ಯಾಹ್ನ ಹಿತ್ತಿಲಿಗೆ ಹೋಗಿ ಅಪ್ಪನಿಗೆ ಮಜ್ಜಿಗೆ ಕೊಟ್ಟು ಬರುತ್ತಿದ್ದದ್ದು ನೀನೇ ಅಲ್ಲವೇ? ಆ ಮೆಟ್ಟಿಲ ಮೇಲೆ ಕುಳಿತು ಅವರ ಜೊತೆ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆ. ಎಬ್ಬಿಸಿದರೆ ಬರುತ್ತಿರಲಿಲ್ಲ’ ಎಂದಳು. ಅಣ್ಣ ಪಕ್ಕದಲ್ಲೇ ಕುಳಿತಿದ್ದ. ಅವನಿಗೂ ಅದೆಲ್ಲ ಗೊತ್ತಿತ್ತಂತೆ, ನನಗೂ ಗೊತ್ತಿದೆ ಎಂದೇ ತಿಳಿದಿದ್ದನಂತೆ. ಶಾಲೆಯಲ್ಲಿ ಕುದುರೆಯ ಕಥೆ ಹೇಳುತ್ತ ಹೇಳುತ್ತ ನಾನೇ ಆ ಮೆಟ್ಟಿಲನ್ನು ಕಥೆಯಿಂದ ಬಿಟ್ಟಿರಬೇಕು, ಆಮೇಲೆ ಬಿಟ್ಟದ್ದೂ ಮರೆತಿರಬೇಕು. ಇಷ್ಟು ಕೇಳಿದ ಮೇಲೂ ನೆನಪು ಬಂತೆಂದು ಹೇಳಲಾರೆ. ಬೆರಳ ತುದಿಯಲ್ಲಿ ಉದ್ದಿನಬೇಳೆಯ ನುಣುಪು ಇದ್ದ ಹಾಗೆ ಅನಿಸುತ್ತದೆ, ಅದು ಅಂದಿನದೋ, ನಮ್ಮ ಮನೆಯ ನಿನ್ನೆಯದೋ ತಿಳಿಯದು.

ಅಮ್ಮನಿಗೆ ಕೆರೆಯೂ ನೆನಪಿಲ್ಲ, ಯಾವ ಪಾಯಿಂಟೂ ನೆನಪಿಲ್ಲ. ನಾವು 26 ದಿನ ಇದ್ದೆವೆಂದು ಮಾತ್ರ ಲೆಕ್ಕ ಹೇಳಿದಳು. ನಾನು ನಾಲ್ಕೋ ಐದೋ ದಿನ ಎಂದುಕೊಂಡಿದ್ದೆ. ಅಷ್ಟು ಸರಿಯಾಗಿ ಹೇಗೆ ನೆನಪಿದೆ ಎಂದು ಕೇಳಿದ್ದಕ್ಕೆ, ‘ಮದುವೆಯಾದ ಮೇಲೆ ನಾನು ಒಲೆ ಹಚ್ಚದೆ ಇದ್ದದ್ದು ಅಷ್ಟೇ ದಿನ’ ಎಂದಳು. ಊರಿಗೆ ಹೋದಾಗಲೂ ಅತ್ತೆಯ ಅಡುಗೆಮನೆ ಅವಳ ಪಾಲಿಗೇ ಬರುತ್ತಿತ್ತಲ್ಲ. ಅಲ್ಲಿ ಬೆಳಿಗ್ಗೆ ಅಪ್ಪ ಮಾಡಿದ ಇಡ್ಲಿಯನ್ನೇ ಯಾರೋ ತಟ್ಟೆಯಲ್ಲಿಟ್ಟು ತಂದುಕೊಡುತ್ತಿದ್ದರಂತೆ.

ಕೋಥ್ರೂಡ್‌ನ ತಂಗಿ, ಕೈಗಾಡಿಯ ವಿಷಯದಲ್ಲಿ ನಿಮ್ಮ ಮಾತೇ ಸರಿ. ಅಮ್ಮ ಇನ್ನೊಮ್ಮೆ ಅಲ್ಲಿಗೆ ಹೋಗಬೇಕೆನ್ನುತ್ತಿದ್ದಾಳೆ. ಅವಳು ನಡೆಯಲಾರಳು, ಆದ್ದರಿಂದ ಇ-ರಿಕ್ಷಾದ ಬಗ್ಗೆ ನಾನೇ ವಿಚಾರಿಸಬೇಕಾಗಿದೆ. ಏನೇನು ನೋಡಬೇಕು ಎಂದು ಕೇಳಿದರೆ, ನೋಡುವುದೇನೂ ಬೇಡ, ಕುಳಿತಲ್ಲಿಗೆ ತಿಂಡಿ ಬಂದರೆ ಸಾಕು ಎಂದಳು.

ಮುಲುಂಡ್ ಹಿರಿಯ ಬರೆದದ್ದು:

26 ದಿನ ಎಂದರೆ ಸೀಸನ್‌ನ ಹೆಚ್ಚಿನ ಭಾಗವೇ ಆಯಿತು. ನಿಮ್ಮ ತಂದೆಯವರ ಇಡ್ಲಿ ಮಾಲೀಕರಿಗೆ ಹಿಡಿಸಿರಬೇಕು. ಹಿಡಿಸದಿದ್ದರೆ ಮೂರನೆಯ ದಿನವೇ ಕೆಳಗೆ ಕಳುಹಿಸುತ್ತಿದ್ದರು.

ಕರ್ಜತ್ ಲೋಕಲ್ ಬರೆದದ್ದು:

ಅಕ್ಕ, ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಶನಿವಾರ, ಭಾನುವಾರ ಬೇಡ. ದಸ್ತೂರಿಯಲ್ಲಿ ಇ-ರಿಕ್ಷಾಗೂ ಅಮನ್ ಲಾಜ್‌ನ ಗಾಡಿಗೂ ಉದ್ದ ಸಾಲು ನಿಂತಿರುತ್ತದೆ. ವಾರದ ನಡುವೆ, ಬೆಳಗಿನ ಲೋಕಲ್‌ಗೆ ಬನ್ನಿ. ನೇರಳ್‌ನಿಂದ ಟ್ಯಾಕ್ಸಿಯಲ್ಲಿ ದಸ್ತೂರಿಗೆ ಹೋಗಿ, ಪುರಸಭೆಯ ಪ್ರವೇಶ ಶುಲ್ಕ ಕಟ್ಟಿ, ಅಲ್ಲಿಂದ ಪುಟಾಣಿ ರೈಲನ್ನೇ ಹಿಡಿಯಿರಿ. ಅಮನ್ ಲಾಜ್‌ನಿಂದ ಪೇಟೆಯ ನಡುವಿನ ನಿಲ್ದಾಣಕ್ಕೆ ಅಮ್ಮ ಕುಳಿತೇ ಹೋಗಬಹುದು, ನಿಮಗೂ ಟ್ಯಾಕ್ಸಿಯ ಅವಮಾನ ಅರ್ಧಕ್ಕೆ ಇಳಿಯುತ್ತದೆ. ಟ್ಯಾಕ್ಸಿ ನಿಲ್ಲುವಲ್ಲಿಂದ ಅಮನ್ ಲಾಜ್‌ಗೆ ಸ್ವಲ್ಪ ನಡೆಯಬೇಕಾಗುತ್ತದೆ, ಅಷ್ಟಕ್ಕೆ ಕೋಲು ಇರಲಿ. ತಿಂಡಿಯ ಪೊಟ್ಟಣವನ್ನು ಮಾತ್ರ ಕೈಯಲ್ಲಿ ಹಿಡಿದುಕೊಳ್ಳಬೇಡಿ, ಅಲ್ಲಿಯ ಕೋತಿಗಳು ವಯಸ್ಸು ನೋಡುವುದಿಲ್ಲ.